ಕೆಲಸಗಾರರ ಹುರುಪು ಕುಂದಿದಾಗ: ಸಣ್ಣ ಘಟಕಗಳ ಮಾಲೀಕರಿಗೆ ಮತ್ತು ಮೇಲ್ವಿಚಾರಕರಿಗೆ ಸಮಗ್ರ ಮಾರ್ಗದರ್ಶಿ

ಬಳ್ಳಾರಿಯ ಒಂದು ಜೀನ್ಸ್ ಹೊಲಿಗೆ ಘಟಕದಲ್ಲಿ ನಾನು ಮೇಲ್ವಿಚಾರಕನಾಗಿದ್ದ ಕಾಲದಲ್ಲಿ, ಬೆಲ್ಟ್ ಹಚ್ಚುವ ಯಂತ್ರದ ಮುಂದೆ ಕೂರುತ್ತಿದ್ದ ಹಿರಿಯ ಕೆಲಸಗಾರ್ತಿಯೊಬ್ಬರು ಕೈಯಲ್ಲಿದ್ದ ಬಂಡಲ್ (ಹೊಲಿಯಲು ಕತ್ತರಿಸಿ ಕೊಟ್ಟ ಬಟ್ಟೆಯ ಕಟ್ಟು) ಮುಗಿಯುವ ಮೊದಲೇ ಮುಂದಿನದು ಎಲ್ಲಿದೆ ಎಂದು ಕೇಳುತ್ತಿದ್ದರು. ಒಂದು ಬೇಸಿಗೆಯಲ್ಲಿ ಅವರು ಕೇಳುವುದನ್ನು ನಿಲ್ಲಿಸಿದರು. ತಂದುಕೊಟ್ಟರೆ ಹೊಲಿಯುತ್ತಿದ್ದರು, ಕೊಡದಿದ್ದರೆ ಸುಮ್ಮನೆ ಕೂರುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಒಂದು ದಿನವೂ ತಪ್ಪಿರಲಿಲ್ಲವಾದ್ದರಿಂದ, ಅವರಿಗೆ ವಯಸ್ಸಾಯಿತು ಎಂದು ನಾನು ಎಣಿಸಿಕೊಂಡು ಸುಮ್ಮನಾದೆ. ಎರಡು ತಿಂಗಳ ಮೇಲೆ ಅವರು ಬೇರೆ ಘಟಕ ಸೇರಿದರು. ಅಲ್ಲಿ ಅದೇ ಬಗೆಯ ಯಂತ್ರದಲ್ಲಿ ಮೊದಲಿನ ವೇಗದಲ್ಲೇ ಹೊಲಿಯುತ್ತಿದ್ದಾರೆ ಎಂಬ ಸುದ್ದಿ ಬಂದಾಗ, ಅವರ ಕೈ ಸೋತಿರಲಿಲ್ಲ, ನಮ್ಮ ಘಟಕದ ಮೇಲಿನ ಮನಸ್ಸು ಮುರಿದಿತ್ತು ಎಂಬುದು ನನಗೆ ತಿಳಿಯಿತು.

ಈ ಮಾರ್ಗದರ್ಶಿಯನ್ನು ಹದಿನೈದರಿಂದ ನೂರು ಜನ ಕೆಲಸ ಮಾಡುವ ಘಟಕಗಳನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಬಳ್ಳಾರಿಯ ಜೀನ್ಸ್ ಘಟಕಗಳು, ಗಂಗಾವತಿ, ಕಾರಟಗಿ ಮತ್ತು ಸಿಂಧನೂರಿನ ಅಕ್ಕಿ ಗಿರಣಿಗಳು, ರಾಯಚೂರಿನ ಹತ್ತಿ ಜಿನ್ನಿಂಗ್ ಮಿಲ್ಲುಗಳು ಹೆಚ್ಚಾಗಿ ಇದೇ ಗಾತ್ರದವು. ಇಲ್ಲಿ ಸಿಬ್ಬಂದಿಯ ಯೋಗಕ್ಷೇಮಕ್ಕೆಂದು ಪ್ರತ್ಯೇಕ ಅಧಿಕಾರಿ ಇರುವುದಿಲ್ಲ; ಮಾಲೀಕರು, ಅವರ ಕೈಕೆಳಗಿನ ಮೇಲ್ವಿಚಾರಕರು, ಲೆಕ್ಕ ಬರೆಯುವವರು ಇಷ್ಟೇ ಜನ. ಆದ್ದರಿಂದ ಹೇಳಿರುವ ಎಲ್ಲವೂ ಒಂದು ನೋಟ್‌ಬುಕ್ಕು ಮತ್ತು ದಿನಕ್ಕೆ ಅರ್ಧ ಗಂಟೆ ಇದ್ದರೆ ಮಾಡಬಹುದಾದವು.

ಹಂತ 1: ಹುರುಪಿಗೆ ಸಂಬಂಧಿಸದ ಕಾರಣಗಳನ್ನು ಮೊದಲು ಬೇರ್ಪಡಿಸಿ

ನಮ್ಮ ಭಾಗದಲ್ಲಿ ಗೈರುಹಾಜರಿಯನ್ನು ನೋಡಿ ಕೆಲಸಗಾರರ ಮನಸ್ಸನ್ನು ಅಳೆಯಲು ಹೊರಟವರು ಬಹುತೇಕ ಮೋಸ ಹೋಗುತ್ತಾರೆ. ತುಂಗಭದ್ರಾ ಕಾಲುವೆಗೆ ಮುಂಗಾರಿನ ನೀರು ಬಿಟ್ಟ ಕೆಲವೇ ವಾರಗಳಲ್ಲಿ ಸಿರುಗುಪ್ಪ, ಗಂಗಾವತಿ, ಸಿಂಧನೂರು ಕಡೆಯ ಹಳ್ಳಿಗಳಲ್ಲಿ ಭತ್ತದ ನಾಟಿ ಆರಂಭವಾಗುತ್ತದೆ, ಆಗ ಸ್ವಂತ ಹೊಲವಿದ್ದವರು ಮಾತ್ರವಲ್ಲ, ಕೂಲಿಗೆ ಹೋಗುವ ಹೆಣ್ಣುಮಕ್ಕಳು ಕೂಡ ಊರಿಗೆ ಹೊರಡುತ್ತಾರೆ. ಜನವರಿಯಲ್ಲಿ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆ, ಮೊಹರಂ ಸಮಯದಲ್ಲಿ ಹಳ್ಳಿಹಳ್ಳಿಯ ಅಲಾಯಿ ಹಬ್ಬ, ಆಮೇಲೆ ಯುಗಾದಿ: ಇವುಗಳಿಗೆ ರಜೆ ಕೇಳುವವರನ್ನು ಕೆಲಸದಲ್ಲಿ ಆಸಕ್ತಿಯಿಲ್ಲದವರೆಂದು ಬರೆದಿಡುವುದು ಅನ್ಯಾಯ.

ಹಿಂದಿನ ಒಂದು ವರ್ಷದ ಹಾಜರಿ ಪುಸ್ತಕವನ್ನು ತೆಗೆದು, ಪಕ್ಕದಲ್ಲಿ ಪಂಚಾಂಗವನ್ನಿಟ್ಟುಕೊಂಡು, ಕಾಲುವೆ ನೀರು, ನಾಟಿ, ಕೊಯ್ಲು, ಜಾತ್ರೆ ಮತ್ತು ಮದುವೆಯ ಹಂಗಾಮುಗಳನ್ನು ಪೆನ್ಸಿಲ್‌ನಿಂದ ಗುರುತಿಸಿ. ಈ ಗುರುತುಗಳ ಒಳಗೆ ಬರುವ ರಜೆಗಳನ್ನು ಲೆಕ್ಕದಿಂದ ಬಿಡಿ. ಹೀಗೆ ಹೋದವರು ಮರಳಿ ಬಂದಾಗ ಮೊದಲಿನಂತೆಯೇ ಕೆಲಸ ಹಿಡಿದರೆ ಅವರ ಬಗ್ಗೆ ಚಿಂತಿಸಬೇಕಾದದ್ದಿಲ್ಲ. ಯಾವ ಹಂಗಾಮಿಗೂ ಸೇರದ ಗೈರುಹಾಜರಿ, ಅದರಲ್ಲೂ ಬಟವಡೆಯ ಮರುದಿನ ಒಂದೇ ವಿಭಾಗದ ನಾಲ್ಕೈದು ಜನ ಒಟ್ಟಿಗೆ ಬಾರದಿರುವುದು, ಗಮನಿಸಬೇಕಾದ ಸಂಗತಿ.

ಸೆಕೆಯನ್ನೂ ಇಲ್ಲೇ ಪರಿಗಣಿಸಬೇಕು. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ರಾಯಚೂರು, ಬಳ್ಳಾರಿಗಳ ಉಷ್ಣಾಂಶ 40 ಡಿಗ್ರಿ ದಾಟುತ್ತದೆ, ತಗಡಿನ ಛಾವಣಿಯ ಕೆಳಗೆ ಬಾಯ್ಲರಿನ ಪಕ್ಕ ನಿಂತವರಿಗೆ ಅದು ಇನ್ನೂ ಹೆಚ್ಚು. ಮಧ್ಯಾಹ್ನ ಮೂರು ಗಂಟೆಗೆ ಕೈ ನಿಧಾನವಾದರೆ ಅದು ದೇಹದ ದಣಿವು.

ಹಂತ 2: ಎರಡು ವಾರ ಗಮನಿಸಿ, ಬರೆದಿಡಿ

ಒಬ್ಬರನ್ನು ಇನ್ನೊಬ್ಬರೊಂದಿಗೆ ಹೋಲಿಸಬೇಡಿ; ಪ್ರತಿಯೊಬ್ಬರನ್ನೂ ಅವರ ಹಿಂದಿನ ನಡವಳಿಕೆಯೊಂದಿಗೇ ಹೋಲಿಸಿ. ಸ್ವಭಾವತಃ ಮಾತು ಕಡಿಮೆಯಿರುವ ಹಮಾಲರೊಬ್ಬರು ಮೌನವಾಗಿದ್ದರೆ ಅದರಲ್ಲಿ ವಿಶೇಷವಿಲ್ಲ, ಆದರೆ ದಿನವೂ ಚೀಲದ ತೂಕದ ಬಗ್ಗೆ ಜಗಳ ತೆಗೆಯುತ್ತಿದ್ದವರು ಇದ್ದಕ್ಕಿದ್ದಂತೆ ಜಗಳ ನಿಲ್ಲಿಸಿದರೆ ಅದರ ಹಿಂದೆ ಏನೋ ಇದೆ. ನನ್ನ ಅನುಭವದಲ್ಲಿ ದೂರು ನಿಂತುಹೋಗುವುದೇ ಎಲ್ಲಕ್ಕಿಂತ ಗಂಭೀರವಾದ ಸೂಚನೆ. ದೂರು ಹೇಳುವವರು ಇನ್ನೂ ಏನಾದರೂ ಸರಿಹೋದೀತೆಂದು ನಂಬಿರುತ್ತಾರೆ.

ಇದಲ್ಲದೆ ರಿಪೇರಿಗೆ ಮರಳುವ ಪ್ಯಾಂಟುಗಳು ಹೆಚ್ಚಾಗುವುದು, ಯಂತ್ರಕ್ಕೆ ಎಣ್ಣೆ ಹಾಕುವುದು ಮತ್ತು ಬದಿಯ ಕಸ ಗುಡಿಸುವುದು ತಪ್ಪುವುದು, ಹೊಸಬರಿಗೆ ಕಲಿಸುವುದನ್ನು ಹಳಬರು ಬಿಟ್ಟುಬಿಡುವುದು, ಸೂಜಿ ಮುರಿದರೆ ಎದ್ದು ಹೋಗಿ ತರುವ ಬದಲು ಯಾರಾದರೂ ಬಂದು ಕೇಳುವವರೆಗೆ ಕಾಯುವುದು ಇವುಗಳನ್ನೂ ನೋಡಿ. ಚಹಾದ ಹೊತ್ತಿನಲ್ಲಿ ಗುಂಪುಗಳು ಒಡೆದಿವೆಯೇ, ಮೇಲ್ವಿಚಾರಕರು ಹತ್ತಿರ ಬಂದಾಗ ಮಾತು ನಿಲ್ಲುತ್ತದೆಯೇ ಎಂಬುದು ಕೂಡ ಬಹಳಷ್ಟನ್ನು ಹೇಳುತ್ತದೆ.

ಬರೆಯುವಾಗ ಕಂಡದ್ದನ್ನು ಮಾತ್ರ ಬರೆಯಿರಿ. ‘ಸೋಮಾರಿಯಾಗಿದ್ದಾನೆ’ ಎಂಬುದು ತೀರ್ಪು. ‘ಮಂಗಳವಾರ ಎರಡನೇ ಪಾಳಿಯಲ್ಲಿ ಬಂಡಲ್ ಇಲ್ಲದೆ ನಲವತ್ತು ನಿಮಿಷ ಕುಳಿತಿದ್ದ, ಯಾರನ್ನೂ ಕೇಳಲಿಲ್ಲ’ ಎಂಬುದು ಮಾಹಿತಿ. ಎರಡು ವಾರ ಕಳೆದ ಮೇಲೆ ಪುಟಗಳನ್ನು ತಿರುವಿದರೆ ಒಂದು ಆಕಾರ ಕಾಣಿಸುತ್ತದೆ. ಬದಲಾವಣೆ ಒಬ್ಬರಲ್ಲೇ ಇದ್ದರೆ ಕಾರಣ ಅವರ ಮನೆಯಲ್ಲೋ ಆರೋಗ್ಯದಲ್ಲೋ ಅವರಿಗಾದ ಯಾವುದೋ ನೋವಿನಲ್ಲೋ ಇರಬಹುದು. ಒಂದು ಸಾಲಿನ ಅಥವಾ ಒಂದು ಪಾಳಿಯ ಎಲ್ಲರಲ್ಲೂ ಇದ್ದರೆ ಆ ಸಾಲಿನ ಯಂತ್ರವನ್ನೂ ಮೇಲ್ವಿಚಾರಕರನ್ನೂ ನೋಡಬೇಕು. ಇಡೀ ಘಟಕದಲ್ಲಿ ಇದ್ದರೆ ಸಂಬಳ, ದರ ಮತ್ತು ಮಾಲೀಕರ ಮಾತಿನ ಮೇಲಿನ ನಂಬಿಕೆಯಿಂದ ಹುಡುಕಾಟ ಆರಂಭಿಸಬೇಕು.

ಹಂತ 3: ಮಾತನಾಡಿ, ಅದಕ್ಕಿಂತ ಹೆಚ್ಚಾಗಿ ಕೇಳಿಸಿಕೊಳ್ಳಿ

ಹೆಚ್ಚಿನವರು ಎಡವುವುದು ಈ ಹಂತದಲ್ಲೇ ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಮಾಲೀಕರು ಕೆಲಸಗಾರರನ್ನು ತಮ್ಮ ಕೋಣೆಗೆ ಕರೆಸಿ, ತಾವು ಕುಳಿತು ಅವರನ್ನು ನಿಲ್ಲಿಸಿ, ‘ಏನಾದರೂ ತೊಂದರೆ ಇದೆಯೇ?’ ಎಂದು ಕೇಳುತ್ತಾರೆ. ‘ಏನಿಲ್ಲ ಬಿಡ್ರಿ, ಸಾವ್ಕಾರ್ರ’ ಎಂಬ ಉತ್ತರ ಬರುತ್ತದೆ. ಕೇಳಿದ್ದಾಯಿತು ಎಂದು ಇವರು, ಹೇಳಿ ಉಪಯೋಗವಿಲ್ಲ ಎಂದು ಅವರು, ತಮ್ಮ ತಮ್ಮ ಕೆಲಸಕ್ಕೆ ಹೋಗುತ್ತಾರೆ.

ಸ್ಥಳವನ್ನು ಬದಲಿಸಿ. ಅಂಗಳದ ಬೇವಿನ ಮರದ ಕೆಳಗೆ, ಇಬ್ಬರೂ ಸಮನಾಗಿ ಕುಳಿತು, ಚಹಾ ಕುಡಿಯುತ್ತಾ ಮಾತನಾಡಿ. ಹೆಣ್ಣುಮಕ್ಕಳೊಂದಿಗೆ ಸಾಧ್ಯವಾದಷ್ಟೂ ಒಬ್ಬ ಹೆಣ್ಣುಮಗಳೇ ಮಾತನಾಡಲಿ. ಬಳ್ಳಾರಿ ಮತ್ತು ರಾಯಚೂರಿನ ಘಟಕಗಳಲ್ಲಿ ಮನೆಯಲ್ಲಿ ತೆಲುಗು ಅಥವಾ ಉರ್ದು ಆಡುವವರು ಬಹಳ ಮಂದಿ ಇರುತ್ತಾರೆ. ದುಃಖವನ್ನು ಯಾರಾದರೂ ತಾಯ್ನುಡಿಯಲ್ಲಿ ಹೇಳಿಕೊಳ್ಳುವಷ್ಟು ಸಲೀಸಾಗಿ ಬೇರೆ ನುಡಿಯಲ್ಲಿ ಹೇಳಿಕೊಳ್ಳಲಾರರು. ಯಾವ ಮೇಲ್ವಿಚಾರಕರ ಬಗ್ಗೆ ದೂರು ಇರಬಹುದೆಂಬ ಸಂಶಯವಿದೆಯೋ ಅವರು ಆ ಮಾತುಕತೆಯಿಂದ ದೂರವಿರಬೇಕು.

ಮನಸ್ಥಿತಿಯನ್ನು ನೇರವಾಗಿ ಕೇಳಬೇಡಿ, ಕೆಲಸವನ್ನು ಕೇಳಿ. ‘ಅಕ್ಕಾರ, ನಿನ್ನೆ ಊಟ ಆದ್ಮ್ಯಾಗ ಕೆಲಸ ಎಲ್ಲಿ ನಿಂತಿತ್ತು?’ ಎಂದು ಕೇಳಿದರೆ ‘ಬಂಡಲ್ ಬರ್ಲಿಲ್ರಿ, ಕುಂತು ಕಾಯ್ದೆ. ಕಾಯೋ ಹೊತ್ತಿಗೆ ರೊಕ್ಕ ಇಲ್ಲಲ್ರಿ’ ಎಂಬ ಉತ್ತರ ಬಂದೀತು. ಆ ಎರಡು ಮಾತುಗಳಲ್ಲಿ ಪೀಸ್ ರೇಟ್ ಪದ್ಧತಿಯ, ಅಂದರೆ ಮಾಡಿದ ಪೀಸಿನ ಲೆಕ್ಕದಲ್ಲಿ ಕೂಲಿ ಕೊಡುವ ಪದ್ಧತಿಯ, ಒಂದು ದೊಡ್ಡ ತೊಡಕು ಬಯಲಾಗುತ್ತದೆ: ಕತ್ತರಿಸುವ ವಿಭಾಗದ ವಿಳಂಬಕ್ಕೆ ಹೊಲಿಯುವವರು ತಮ್ಮ ಗಳಿಕೆಯಿಂದ ಬೆಲೆ ತೆರುತ್ತಿದ್ದಾರೆ. ‘ಈ ವಾರ ಯಾವ ಕೆಲಸ ಎರಡು ಸಲ ಮಾಡಬೇಕಾಯಿತು?’, ‘ಹೊಸದಾಗಿ ಬಂದವರಿಗೆ ಇಲ್ಲಿಯ ಬಗ್ಗೆ ಏನು ಹೇಳುತ್ತೀರಿ?’, ‘ನಿಮ್ಮ ಕೈಯಲ್ಲಿದ್ದರೆ ಮೊದಲು ಏನನ್ನು ಬದಲಿಸುತ್ತಿದ್ದಿರಿ?’ ಎಂಬಂಥ ಪ್ರಶ್ನೆಗಳು ಇದೇ ರೀತಿ ಬಾಗಿಲು ತೆರೆಯುತ್ತವೆ. ಪ್ರಶ್ನೆ ಕೇಳಿದ ಮೇಲೆ ಮೌನವಾಗಿರಿ. ಉತ್ತರಕ್ಕೆ ಸಮರ್ಥನೆ ಕೊಡಬೇಡಿ, ಅಲ್ಲಿಯೇ ಭರವಸೆಯನ್ನೂ ಕೊಡಬೇಡಿ. ‘ಇದನ್ನು ಬರೆದುಕೊಂಡಿದ್ದೇನೆ, ಬರುವ ಶನಿವಾರ ಉತ್ತರ ಹೇಳುತ್ತೇನೆ’ ಎಂದಷ್ಟೇ ಹೇಳಿ, ಶನಿವಾರ ತಪ್ಪದೆ ಹೇಳಿ, ಉತ್ತರ ‘ಆಗುವುದಿಲ್ಲ’ ಎಂದಾದರೂ ಸರಿಯೇ. ಯಾರು ಏನು ಹೇಳಿದರೆಂಬುದು ಮೂರನೆಯವರ ಕಿವಿಗೆ ಬಿದ್ದರೆ ಮುಂದೆ ಯಾರೂ ಬಾಯಿ ಬಿಡುವುದಿಲ್ಲ.

ಹಂತ 4: ಕಾರಣಗಳನ್ನು ಎರಡು ರಾಶಿ ಮಾಡಿ

ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ಪಿಟ್ಸ್‌ಬರ್ಗ್ ಪ್ರದೇಶದ ಸುಮಾರು 200 ಎಂಜಿನಿಯರುಗಳು ಮತ್ತು ಲೆಕ್ಕಿಗರನ್ನು ಸಂದರ್ಶಿಸಿ 1959ರಲ್ಲಿ ಪ್ರಕಟಿಸಿದ ವಿಚಾರವೊಂದು ಇಲ್ಲಿ ಕೈಹಿಡಿಯುತ್ತದೆ. ಸಂಬಳ, ಕೆಲಸದ ಸ್ಥಳದ ಸ್ಥಿತಿ, ಮೇಲಿನವರ ವರ್ತನೆ ಮುಂತಾದವು ಕೆಟ್ಟಿದ್ದರೆ ಅಸಮಾಧಾನ ಹುಟ್ಟುತ್ತದೆ, ಸರಿಯಿದ್ದರೆ ಅಸಮಾಧಾನ ಹೋಗುತ್ತದೆ, ಆದರೆ ಅಷ್ಟರಿಂದಲೇ ಉತ್ಸಾಹ ಬರುವುದಿಲ್ಲ. ಉತ್ಸಾಹ ಬರುವುದು ಸಾಧನೆ, ಮನ್ನಣೆ, ಜವಾಬ್ದಾರಿ ಮತ್ತು ಬೆಳವಣಿಗೆಯಿಂದ ಎಂಬುದು ಅವರ ವಾದ. ಎಂಜಿನಿಯರುಗಳ ಮಾತು ಪೀಸ್ ರೇಟಿನ ದರ್ಜಿಗಳಿಗೆ ಹಾಗೆಯೇ ಹೊಂದುವುದಿಲ್ಲ, ವಾರದ ಗಳಿಕೆಯಲ್ಲೇ ಸಂತೆ ಮಾಡುವ ಮನೆಯಲ್ಲಿ ಸಂಬಳವೇ ಮನ್ನಣೆಯೂ ಹೌದು. ಆದರೂ ಯಾವುದನ್ನು ಮೊದಲು ಮಾಡಬೇಕೆಂಬ ಕ್ರಮಕ್ಕೆ ಇದು ಒಳ್ಳೆಯ ಆಧಾರ. ಕುಡಿಯುವ ನೀರು ಸರಿಯಿಲ್ಲದ ಕಡೆ ‘ತಿಂಗಳ ಉತ್ತಮ ಕೆಲಸಗಾರ’ ಎಂದು ಗೋಡೆಗೆ ಫೋಟೊ ಹಾಕಿದರೆ ಜನ ಅದನ್ನು ಅವಮಾನವೆಂದೇ ಭಾವಿಸುತ್ತಾರೆ.

ನೋಟ್‌ಬುಕ್ಕಿನ ಎಡಪುಟದಲ್ಲಿ ಮೊದಲ ಬಗೆಯವನ್ನು, ಬಲಪುಟದಲ್ಲಿ ಎರಡನೇ ಬಗೆಯವನ್ನು ಬರೆಯಿರಿ. ಎಡಪುಟ ಖಾಲಿಯಾಗುತ್ತಾ ಬರುವವರೆಗೆ ಬಲಪುಟಕ್ಕೆ ಹೋಗಬೇಡಿ.

ಹಂತ 5: ತಳಪಾಯವನ್ನು ಸರಿಪಡಿಸಿ

ಮೊದಲನೆಯದು ಬಟವಡೆಯ ದಿನ. 2019ರ ವೇತನ ಸಂಹಿತೆಯ ಪ್ರಕಾರ ತಿಂಗಳ ಸಂಬಳವನ್ನು ಮುಂದಿನ ತಿಂಗಳ 7ನೇ ತಾರೀಖಿನೊಳಗೆ, ವಾರದ ಕೂಲಿಯನ್ನು ಆ ವಾರದ ಕೊನೆಯ ಕೆಲಸದ ದಿನವೇ ಕೊಡಬೇಕು. ಹೆಚ್ಚುವರಿ ಅವಧಿಯ ದುಡಿಮೆಗೆ ಸಾಮಾನ್ಯ ದರದ ಕನಿಷ್ಠ ಎರಡು ಪಟ್ಟು ಕೊಡಬೇಕು. ಬೋನಸ್ ಅನ್ವಯವಾಗುವ ಕಡೆ ಅದು ಶೇ. 8.33ಕ್ಕಿಂತ ಕಡಿಮೆ ಇರುವಂತಿಲ್ಲ. ಮೊತ್ತ ಕಡಿಮೆಯೆಂಬ ಬೇಸರಕ್ಕಿಂತ, ಯಾವತ್ತು ಬರುತ್ತದೆಯೋ ತಿಳಿಯದೆಂಬ ಆತಂಕ ಹುರುಪನ್ನು ಬೇಗ ತಿನ್ನುತ್ತದೆ, ಏಕೆಂದರೆ ಸಂಘದ ಸಾಲದ ಕಂತು ಕಟ್ಟುವ ದಿನ ನಿಗದಿಯಾಗಿರುತ್ತದೆ, ಅದು ಯಾರ ಪೇಮೆಂಟಿಗೂ ಕಾಯುವುದಿಲ್ಲ. ವ್ಯಾಪಾರಿಯಿಂದ ಹಣ ಬರುವುದು ತಡವಾಗಿ ಬಟವಡೆ ತಪ್ಪುವಂತಿದ್ದರೆ, ಎರಡು ದಿನ ಮೊದಲೇ ಎಲ್ಲರನ್ನೂ ಕರೆದು, ಯಾವ ದಿನ ಎಷ್ಟು ಕೊಡಲಾಗುವುದೆಂದು ಮಾಲೀಕರೇ ಹೇಳಬೇಕು.

ಎರಡನೆಯದು ಲೆಕ್ಕದ ಸ್ಪಷ್ಟತೆ. ಪೀಸ್ ರೇಟಿನವರಿಗೆ ದಿನದ ಕೊನೆಗೆ ಎಷ್ಟು ಪೀಸು, ಯಾವ ದರ, ಎಷ್ಟು ರಿಪೇರಿ ಎಂದು ಬರೆದ ಚೀಟಿ ಕೈಗೆ ಸಿಗಲಿ. ಭವಿಷ್ಯ ನಿಧಿಗೆ ಹಣ ಕಡಿತವಾಗುತ್ತಿದ್ದರೆ ಅದು ಖಾತೆಗೆ ಸೇರಿದೆ ಎಂಬುದನ್ನು ಅವರವರ ಮೊಬೈಲಿನಲ್ಲೇ ತೋರಿಸಿಕೊಡಿ. ಅರ್ಧ ದಿನದ ಈ ಕೆಲಸದಿಂದ ವರ್ಷಗಳ ಗುಸುಗುಸು ಕೊನೆಗೊಂಡದ್ದನ್ನು ನಾನು ನೋಡಿದ್ದೇನೆ. ಒಂದೇ ಕೆಲಸಕ್ಕೆ ಇಬ್ಬರಿಗೆ ಬೇರೆ ಬೇರೆ ದರವಿದ್ದರೆ ಅದರ ಕಾರಣವನ್ನು ಬಹಿರಂಗವಾಗಿ ಹೇಳಲು ಸಾಧ್ಯವೇ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಸಾಧ್ಯವಿಲ್ಲದಿದ್ದರೆ ದರವನ್ನು ಸರಿಪಡಿಸಿ. ಯಾವ ದರವೂ ಒಂದು ವಾರಕ್ಕಿಂತ ಹೆಚ್ಚು ಗುಟ್ಟಾಗಿ ಉಳಿಯುವುದಿಲ್ಲ.

ಮೂರನೆಯದು ದಂಡ. ಮೊದಲಿಗೆ ಹೇಳಿದ ಆ ಹಿರಿಯ ಕೆಲಸಗಾರ್ತಿಯ ವಿಷಯಕ್ಕೆ ಇಲ್ಲಿ ಮರಳುತ್ತೇನೆ. ಬೆಲ್ಟಿನ ಹೊಲಿಗೆ ಸರಿಯಾಗಿಲ್ಲವೆಂದು ಮರಳಿ ಬಂದ ಒಂದು ಲಾಟಿಗೆ ನಾನು ಅವರ ಲೆಕ್ಕದಲ್ಲಿ ಹಣ ಮುರಿದಿದ್ದೆ, ಅದೂ ಇಡೀ ಸಾಲಿನ ಎದುರಿಗೆ ಹೆಸರು ಕೂಗಿ. ಅವರು ಹೋದ ಮೇಲೆ ಅದೇ ಯಂತ್ರಕ್ಕೆ ಕೂತ ಹುಡುಗನ ಹೊಲಿಗೆಯೂ ಹಾಗೆಯೇ ಬರತೊಡಗಿದಾಗ ಮೆಕ್ಯಾನಿಕ್ ಬಿಚ್ಚಿ ನೋಡಿದರು, ದೋಷ ಯಂತ್ರದಲ್ಲಿತ್ತು. ಅವರ ಮನೆಗೆ ಹೋಗಿ ಹಣ ಮರಳಿಸಿ ಕ್ಷಮೆ ಕೇಳಿದೆನಾದರೂ ಅವರು ತಿರುಗಿ ಬರಲಿಲ್ಲ. ಆ ಇಪ್ಪತ್ತು ವರ್ಷದ ಕೈಚಳಕವನ್ನು ನಮ್ಮ ಘಟಕ ಒಂದು ಬೆಳಗಿನ ಆತುರದಲ್ಲಿ ಕಳೆದುಕೊಂಡಿತು. ದಂಡ ಒಂದು ವೇತನ ಅವಧಿಯಲ್ಲಿ ಆ ಅವಧಿಯ ವೇತನದ ಶೇ. 3ನ್ನು ಮೀರಬಾರದು, ವಿವರಣೆ ಕೊಡಲು ಅವಕಾಶ ನೀಡದೆ ಹಾಕಬಾರದು ಎಂದು ಕಾನೂನು ಹೇಳುತ್ತದೆ. ನನ್ನ ಸಲಹೆ ಅದಕ್ಕಿಂತಲೂ ಕಟ್ಟುನಿಟ್ಟಾದದ್ದು: ಯಂತ್ರ, ದಾರ ಮತ್ತು ಬಟ್ಟೆಯನ್ನು ಪರೀಕ್ಷಿಸುವ ಮೊದಲು ಮನುಷ್ಯರನ್ನು ದೂರಬೇಡಿ.

ನಾಲ್ಕನೆಯದು ಸೆಕೆ ಮತ್ತು ನೀರು. ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ರವರೆಗೆ ಕೆಲಸ ಮಾಡುವ ಪದ್ಧತಿ ಇದೆ. ಖಾಸಗಿ ಘಟಕಕ್ಕೆ ಅಷ್ಟು ಕಡಿಮೆ ಅವಧಿ ಸಾಧ್ಯವಾಗದಿರಬಹುದು, ಆದರೆ ಪಾಳಿಯನ್ನು ನಸುಕಿಗೆ ಸರಿಸಿ, ನಡುಹಗಲಿನ ವಿರಾಮವನ್ನು ಉದ್ದ ಮಾಡಿ, ಸಂಜೆಗೆ ಉಳಿದ ಕೆಲಸ ಇಟ್ಟುಕೊಳ್ಳುವುದನ್ನು ಯಾವ ಘಟಕವೂ ಮಾಡಬಹುದು. ಮಣ್ಣಿನ ಹರವಿಯಲ್ಲಿ ತಣ್ಣನೆಯ ನೀರು, ಚಿಲಕ ಸರಿಯಿರುವ ಶೌಚಾಲಯ, ಭತ್ತದ ಧೂಳಿಗೆ ಮುಖಗವಸು: ಇವು ಒಂದು ವಾರದಲ್ಲಿ ಆಗುವ ಕೆಲಸಗಳು, ಆದ್ದರಿಂದಲೇ ಮೊದಲ ವಾರ ಇವುಗಳಲ್ಲಿ ಒಂದನ್ನಾದರೂ ಮಾಡಿ ಮುಗಿಸಿ. ಹೇಳಿದ್ದು ವ್ಯರ್ಥವಾಗಲಿಲ್ಲ ಎಂಬುದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿ ಬೇಕು.

ಹಂತ 6: ಕರೆಯುವ ರೀತಿ

ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ, ಆದರೂ ಎಲ್ಲಕ್ಕಿಂತ ತಡವಾಗಿ ಬದಲಾಗುವುದು ಇದೇ. ಇಪ್ಪತ್ತೈದರ ಮೇಲ್ವಿಚಾರಕರು ಐವತ್ತು ದಾಟಿದ ಹಮಾಲರನ್ನು ‘ಲೇ’ ಎಂದು ಕೂಗುವುದು ನಮ್ಮ ಗಿರಣಿಗಳಲ್ಲಿ ಎಷ್ಟು ರೂಢಿಯಾಗಿದೆಯೆಂದರೆ ಕೂಗುವವರಿಗೆ ಅದು ಕೇಳಿಸುವುದೇ ಇಲ್ಲ. ಕೇಳಿಸಿಕೊಂಡವರು ಮರೆಯುವುದಿಲ್ಲ. ಮಾಲೀಕರಿಂದ ಹಿಡಿದು ಎಲ್ಲರೂ ‘ಬರ್ರಿ ಅಣ್ಣಾ’, ‘ಅಕ್ಕಾ, ಇದನ್ನ ನೋಡ್ರಿ’ ಎನ್ನಬೇಕೆಂಬ ನಿಯಮ ಮಾಡಿ, ಮೊದಲು ಮಾಲೀಕರೇ ಪಾಲಿಸಲಿ.

ಮೇಲ್ವಿಚಾರಕರ ಕಷ್ಟವನ್ನೂ ಮರೆಯಬಾರದು. ಅವರಲ್ಲಿ ಹೆಚ್ಚಿನವರು ನಿನ್ನೆಯವರೆಗೆ ಒಳ್ಳೆಯ ದರ್ಜಿಗಳೋ ಆಪರೇಟರುಗಳೋ ಆಗಿದ್ದು, ಜನರನ್ನು ನಡೆಸುವುದು ಹೇಗೆಂದು ಯಾರಿಂದಲೂ ಕಲಿಯದೆ ಆ ಜಾಗಕ್ಕೆ ಬಂದವರು. ಲೋಡು ಹೊರಡುವ ದಿನದ ಒತ್ತಡವೆಲ್ಲ ಅವರ ತಲೆಯ ಮೇಲೆ ಬೀಳುತ್ತದೆ. ವಾರಕ್ಕೊಮ್ಮೆ ಅವರೊಂದಿಗೂ ಮೂರನೇ ಹಂತದಲ್ಲಿ ಹೇಳಿದ ಹಾಗೆಯೇ ಕುಳಿತು ಮಾತನಾಡಿ.

ಹಂತ 7: ಕೆಲಸಕ್ಕೆ ಅರ್ಥ ಬರುವಂತೆ ಮಾಡಿ

ಎಡಪುಟ ಖಾಲಿಯಾಗುತ್ತಾ ಬಂದಾಗ ಬಲಪುಟಕ್ಕೆ ಬನ್ನಿ. ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಎಂಬ ಮನಶ್ಶಾಸ್ತ್ರಜ್ಞರು ಮನುಷ್ಯರ ಒಳಗಿನ ಪ್ರೇರಣೆಗೆ ಮೂರು ಅಗತ್ಯಗಳನ್ನು ಹೇಳುತ್ತಾರೆ: ತನ್ನ ಕೆಲಸದಲ್ಲಿ ತನಗೊಂದಿಷ್ಟು ಸ್ವಾತಂತ್ರ್ಯ, ತನಗೆ ಇದು ಬರುತ್ತದೆ ಎಂಬ ಭರವಸೆ, ಜೊತೆಯವರೊಂದಿಗೆ ಬಾಂಧವ್ಯ. ದಿನವಿಡೀ ದಾರ ಕತ್ತರಿಸುವವರಿಗೆ ಇವು ಹೇಗೆ ಸಿಗಬೇಕು? ವಾರದ ಯಾವ ದಿನ ಯಾವ ಕೆಲಸವೆಂದು ಆ ಗುಂಪಿನವರೇ ಹಂಚಿಕೊಳ್ಳಲಿ. ವಾಷಿಂಗ್ ಮುಗಿದು ಇಸ್ತ್ರಿಯಾದ ಪ್ಯಾಂಟನ್ನು ಹೊಲಿದವರ ಕೈಗೆ ಕೊಟ್ಟು ತೋರಿಸಿ. ತಾವು ಹಚ್ಚಿದ ಜೇಬು ಕೊನೆಗೆ ಏನಾಯಿತೆಂಬುದನ್ನು ಹತ್ತು ವರ್ಷ ದುಡಿದವರೂ ನೋಡದೆ ಇರುವುದುಂಟು.

ದಾರ ಕತ್ತರಿಸುವವರು ಓವರ್‌ಲಾಕ್ (ಬಟ್ಟೆಯ ಅಂಚು ಬಿಚ್ಚದಂತೆ ಹೊಲಿಯುವ ಯಂತ್ರ) ಕಲಿಯಲು, ಓವರ್‌ಲಾಕ್‌ನವರು ಬೆಲ್ಟ್ ಕಲಿಯಲು ದಾರಿ ಇರಲಿ. ಇಲ್ಲೊಂದು ತೊಡಕಿದೆ: ಪೀಸ್ ರೇಟಿನಲ್ಲಿರುವವರು ಹೊಸ ಯಂತ್ರಕ್ಕೆ ಕೂತ ಮೊದಲ ವಾರಗಳಲ್ಲಿ ನಿಧಾನವಾಗುವುದರಿಂದ ಗಳಿಕೆ ಇಳಿಯುತ್ತದೆ, ಆ ಭಯದಿಂದಲೇ ಕಲಿಯಲು ಒಪ್ಪುವುದಿಲ್ಲ. ಕಲಿಕೆಯ ನಾಲ್ಕು ವಾರ ಅವರ ಹಿಂದಿನ ಸರಾಸರಿ ಗಳಿಕೆಯನ್ನು ಖಾತರಿಯಾಗಿ ಕೊಡಿ. ಕಲಿಸುವವರಿಗೂ ಏನಾದರೂ ಸೇರಿಸಿ ಕೊಡಿ, ಅವರ ಪೀಸುಗಳೂ ಆ ಹೊತ್ತಿನಲ್ಲಿ ಕಡಿಮೆಯಾಗುತ್ತವೆ.

ಮೆಚ್ಚುಗೆ ಹೇಳುವಾಗ ಯಾವ ಕೆಲಸಕ್ಕೆಂದು ಬಿಡಿಸಿ ಹೇಳಿ. ‘ಚೆನ್ನಾಗಿ ಮಾಡ್ತೀರಿ’ ಎಂಬ ಮಾತು ಗಾಳಿಗೆ ಹೋಗುತ್ತದೆ. ‘ನಿನ್ನಿ ನಿಮ್ಮ ಬಂಡಲ್‌ದಾಗ ಒಂದೂ ರಿಪೇರಿ ಬರ್ಲಿಲ್ಲ’ ಎಂಬ ಮಾತು ಮನೆಯವರೆಗೂ ಹೋಗುತ್ತದೆ.

ಹಂತ 8: ನಿಮ್ಮ ಕೈಮೀರಿದ್ದನ್ನು ಗುರುತಿಸಿ

ಕೆಲವೊಮ್ಮೆ ಹುರುಪಿನ ಕೊರತೆಯಂತೆ ಕಾಣುವುದು ಕಾಯಿಲೆಯಾಗಿರುತ್ತದೆ. ಎರಡು ವಾರಕ್ಕೂ ಮೀರಿ ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಇಷ್ಟದ ಯಾವುದರಲ್ಲೂ ಮನಸ್ಸಿಲ್ಲ ಎನ್ನುವವರಿಗೆ, ಬದುಕು ಸಾಕು ಎಂಬ ಮಾತು ಒಮ್ಮೆ ಆಡಿದವರಿಗೂ, ಬುದ್ಧಿವಾದದ ಬದಲು ಚಿಕಿತ್ಸೆ ಬೇಕು. ಟೆಲಿ-ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಈ ವಿಷಯದಲ್ಲಿ ನಮ್ಮ ಜಿಲ್ಲೆಗೆ ಒಂದು ಹಿರಿಮೆಯೂ ಇದೆ: ಹಳ್ಳಿಯ ಆರೋಗ್ಯ ಕೇಂದ್ರದಲ್ಲೇ ಮಾನಸಿಕ ಚಿಕಿತ್ಸೆ ಸಿಗಬೇಕೆಂದು 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಆಸ್ಪತ್ರೆಗೆ ಹೋಗಲು ಸಂಬಳ ಸಹಿತ ಅರ್ಧ ದಿನ ರಜೆ ಕೊಡಿ, ಕಾರಣವನ್ನು ಯಾರಿಗೂ ಹೇಳಬೇಡಿ.

ಹೆಣ್ಣುಮಕ್ಕಳ ಒಂದು ಗುಂಪು ಒಟ್ಟಿಗೆ ಮಂಕಾಗಿದ್ದರೆ, ಯಾವುದೋ ಒಂದು ಪಾಳಿಗೆ ಬರಲು ಹಿಂಜರಿಯುತ್ತಿದ್ದರೆ ಲೈಂಗಿಕ ಕಿರುಕುಳದ ಸಾಧ್ಯತೆಯನ್ನು ತಳ್ಳಿಹಾಕಬೇಡಿ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಪ್ರತಿಯೊಂದು ಸ್ಥಳದಲ್ಲೂ ಇಂಥ ದೂರುಗಳನ್ನು ವಿಚಾರಿಸುವ ಆಂತರಿಕ ಸಮಿತಿ ಇರಬೇಕೆಂದು 2013ರ ಕಾಯ್ದೆ ವಿಧಿಸುತ್ತದೆ, ಅದು ಹೊಲಿಗೆ ಘಟಕಕ್ಕೂ ಗಿರಣಿಗೂ ಅನ್ವಯಿಸುತ್ತದೆ.

ಹಂತ 9: ಮೂರನೇ ತಿಂಗಳಲ್ಲಿ ಅಳೆಯಿರಿ

ಬದಲಾವಣೆ ಮಾಡಿದ ಮೊದಲ ಎರಡು ವಾರಗಳಲ್ಲಿ ಕೆಲಸ ಚುರುಕಾಗುವುದು ಸಹಜ, ಅದನ್ನು ನೆಚ್ಚಿಕೊಳ್ಳಬೇಡಿ. ಷಿಕಾಗೊ ಸಮೀಪದ ಹಾಥಾರ್ನ್ ಕಾರ್ಖಾನೆಯಲ್ಲಿ 1924ರಿಂದ 1932ರವರೆಗೆ ಕೆಲಸದ ಪರಿಸ್ಥಿತಿಯನ್ನು ಬದಲಿಸಿ ದುಡಿಮೆ ಹೇಗೆ ಬದಲಾಗುತ್ತದೆಂದು ನೋಡಿದ ಪ್ರಸಿದ್ಧ ಪ್ರಯೋಗಗಳ ಬಗ್ಗೆ ಇಂದಿಗೂ ವಾದವಿದೆ. ತಮ್ಮನ್ನು ಯಾರೋ ಗಮನಿಸುತ್ತಿದ್ದಾರೆಂಬ ಕಾರಣಕ್ಕೇ ಜನ ಸ್ವಲ್ಪ ಕಾಲ ಹೆಚ್ಚು ದುಡಿಯಬಹುದು ಎಂಬ ಎಚ್ಚರಿಕೆಯನ್ನಂತೂ ಅವುಗಳಿಂದ ತೆಗೆದುಕೊಳ್ಳಬಹುದು. ಮೂರನೇ ತಿಂಗಳ ರಿಪೇರಿ ಸಂಖ್ಯೆ, ಹಂಗಾಮು ಬಿಟ್ಟ ಗೈರುಹಾಜರಿ, ಕೆಲಸ ಬಿಟ್ಟವರ ಸಂಖ್ಯೆ ಇವುಗಳನ್ನು ಹಿಂದಿನ ವರ್ಷದ ಅದೇ ತಿಂಗಳೊಂದಿಗೆ ಹೋಲಿಸಿ. ಜುಲೈಯನ್ನು ಆಗಸ್ಟ್‌ನೊಂದಿಗೆ ಹೋಲಿಸಿದರೆ ನೀವು ಅಳೆಯುವುದು ಕಾಲುವೆಯ ನೀರನ್ನೇ.

ಇಷ್ಟೆಲ್ಲ ಮಾಡಿದರೂ ಕೆಲವರು ಹೋಗುತ್ತಾರೆ. ಹೋಗುವವರ ಬಾಕಿಯನ್ನು ಎರಡು ಕೆಲಸದ ದಿನಗಳೊಳಗೆ ತೀರಿಸಬೇಕೆಂದು ವೇತನ ಸಂಹಿತೆ ಹೇಳುತ್ತದೆ. ಮುಂಗಡದ ಲೆಕ್ಕವನ್ನು ಮುಂದಿಟ್ಟುಕೊಂಡು ಓಡಾಡಿಸಬೇಡಿ, ಉಳಿದವರೆಲ್ಲ ಅದನ್ನು ನೋಡುತ್ತಿರುತ್ತಾರೆ. ಲೆಕ್ಕ ತೀರಿದ ಮೇಲೆ, ಇನ್ನು ಕಳೆದುಕೊಳ್ಳುವುದೇನೂ ಇಲ್ಲದ ಆ ಗಳಿಗೆಯಲ್ಲಿ, ಏಕೆ ಹೊರಟಿರಿ ಎಂದು ಕೇಳಿ. ಅತ್ಯಂತ ನಿಜವಾದ ಉತ್ತರಗಳು ನನಗೆ ಸಿಕ್ಕಿದ್ದು ಹಾಗೆ ಹೊರಟು ನಿಂತವರಿಂದಲೇ. ಅವರ ಮೊಬೈಲ್ ಸಂಖ್ಯೆಯನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಟ್ಟುಕೊಂಡು, ಅವರು ಹೇಳಿದ ತೊಂದರೆ ಸರಿಹೋದ ದಿನ ಒಂದು ಕರೆ ಮಾಡಿ ತಿಳಿಸಿ.